ಮನೇಲಿದ್ದಾನೆ

ನಮ್ಮ ಕೊಡಗಿನ ಮದುವೆ ಮನೆಗಳಲ್ಲಿ ಊಟಕ್ಕೆ ಕಾಯುವಾಗ ಕೇಳುವ ಮೊದಲ ಪ್ರಶ್ನೆ ಕಾಫಿ ರೇಟಿನದ್ದು. ಎರಡನೆಯದು ಮಕ್ಕಳದ್ದು. ‘ಮಗ ಈಗ ಎಂತ ಮಾಡ್ತಿದ್ದಾನೆ?’ ಬೆಂಗಳೂರಲ್ಲಿದ್ದಾನೆ, ಆರ್ಮಿಯಲ್ಲಿದ್ದಾನೆ, ಆಸ್ಟ್ರೇಲಿಯಾದಲ್ಲಿದ್ದಾನೆ ಅಂತ ಉತ್ತರ ಬಂದರೆ ಮಾತು ಮುಂದುವರಿಯುತ್ತದೆ. ‘ಮನೇಲಿದ್ದಾನೆ’ ಅಂದರೆ ಒಂದು ಕ್ಷಣ ಯಾರೂ ಮಾತಾಡುವುದಿಲ್ಲ. ಆಮೇಲೆ ಯಾರಾದರೂ ‘ತೋಟ ನೋಡ್ಕೊಳ್ಲಿಕ್ಕೂ ಒಬ್ಬ ಬೇಕಲ್ಲ’ ಅನ್ನುತ್ತಾರೆ. ಆ ಸಮಾಧಾನದ ಮಾತಿನಲ್ಲೇ ತೀರ್ಪೂ ಇರುತ್ತದೆ. ಹುಡುಗ ಹತ್ತು ಎಕರೆ ತೋಟವನ್ನು ಎಷ್ಟು ಚೆನ್ನಾಗಿ ನೋಡಿಕೊಂಡರೂ ಅಷ್ಟೇ. ಎಲ್ಲಿಗೋ ಹೋಗಿ ವಾಪಸ್ ಬಂದವನು ಅವನು.

ಹೋದ ಮಳೆಗಾಲದಲ್ಲಿ ಹರ್ಮನ್ ಹೆಸ್ಸೆಯ ‘ಬಿನೀತ್ ದ ವೀಲ್’ ಓದುವಾಗ ಈ ಮಾತು ಮತ್ತೆ ಮತ್ತೆ ನೆನಪಾಯಿತು. ಹೆಸ್ಸೆ ಅಂದರೆ ನಮಗೆ ‘ಸಿದ್ಧಾರ್ಥ’. ಈ ಕಾದಂಬರಿ ಅದಕ್ಕಿಂತ ಹದಿನಾರು ವರ್ಷ ಹಿಂದಿನದು, 1906ರದ್ದು. ಜರ್ಮನ್ ಹೆಸರು ‘ಉಂಟರ್‌ಮ್ ರಾಡ್’, ಚಕ್ರದ ಕೆಳಗೆ. ಲುಥರನ್ ಪಾದ್ರಿಗಳನ್ನು ತಯಾರು ಮಾಡುವ ಒಂದು ಸಣ್ಣ ವಸತಿ ಶಾಲೆಯಲ್ಲಿ ಓದುವ ಹುಡುಗರ ಕಥೆ. ದೂರದ ಕಥೆ ಅನ್ನಿಸಬಹುದು. ಆದರೆ ಅಷ್ಟೇನೂ ದೂರ ಇಲ್ಲ. ಅದೇ ನಾಡಿನ, ಅದೇ ಬಗೆಯ ಓದಿನ ಒಂದು ಕೊಂಡಿ ಮಂಗಳೂರಿನ ಬಲ್ಮಠದಲ್ಲಿದೆ. ಇನ್ನೊಂದು ನಮ್ಮ ಅಮ್ಮತ್ತಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯ ಆನಂದಪುರದಲ್ಲಿದೆ. ಅಲ್ಲಿಗೆ ಹೋಗುವ ಮೊದಲು ಕಥೆ ಹೇಳುತ್ತೇನೆ.

ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್. ಸಣ್ಣ ಪೇಟೆಯೊಂದರ ದಲ್ಲಾಳಿಯ ಮಗ ಹನ್ಸ್ ಗೀಬೆನ್‌ರಾಟ್. ತಾಯಿ ಇಲ್ಲ. ಹುಡುಗ ಬುದ್ಧಿವಂತ. ಇಡೀ ಊರು ಅವನನ್ನು ರಾಜ್ಯಮಟ್ಟದ ಪರೀಕ್ಷೆಗೆ ತಯಾರು ಮಾಡುತ್ತದೆ. ಶಾಲೆ ಮುಗಿದ ಮೇಲೆ ಹೆಡ್‌ಮಾಸ್ಟರರ ಹತ್ತಿರ ಗ್ರೀಕ್, ಪಾದ್ರಿಗಳ ಹತ್ತಿರ ಲ್ಯಾಟಿನ್, ಆಮೇಲೆ ಗಣಿತ. ಮೊಲ ಸಾಕುವುದು ನಿಂತಿತು, ಮೀನು ಹಿಡಿಯುವುದು ನಿಂತಿತು, ತಲೆನೋವು ಶುರುವಾಯಿತು. ಪರೀಕ್ಷೆಯಲ್ಲಿ ಇಡೀ ರಾಜ್ಯಕ್ಕೆ ಎರಡನೆಯವನಾಗಿ ಪಾಸಾದ. ಪಾಸಾದವರಿಗೆ ಸರ್ಕಾರದ ಖರ್ಚಿನಲ್ಲಿ ಮೌಲ್‌ಬ್ರಾನ್ ಶಾಲೆ, ಆಮೇಲೆ ಟ್ಯೂಬಿಂಗನ್ ವಿಶ್ವವಿದ್ಯಾಲಯ, ಆಮೇಲೆ ಪಾದ್ರಿ ಅಥವಾ ಮೇಷ್ಟ್ರ ಕೆಲಸ. ಹದಿನಾಲ್ಕನೇ ವಯಸ್ಸಿಗೆ ಪೆನ್ಶನ್ನಿನ ತನಕ ದಾರಿ ಹಾಕಿಟ್ಟ ಹಾಗೆ. ನಮ್ಮಲ್ಲಿ ನೀಟ್‌ಗೆ ಮಕ್ಕಳನ್ನು ಕೂರಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೌಲ್‌ಬ್ರಾನ್ ಕಲ್ಪನೆಯ ಜಾಗ ಅಲ್ಲ. ಹಳೆಯ ಕ್ಯಾಥೊಲಿಕ್ ಮಠ. ಲೂಥರನ ಸುಧಾರಣೆಯ ನಂತರ, 1556ರಲ್ಲಿ, ಅದು ಶಾಲೆಯಾಯಿತು. ಗ್ರಹಗಳ ಗಣಿತ ಬಿಡಿಸಿದ ಕೆಪ್ಲರ್ ಓದಿದ್ದು ಅಲ್ಲಿ, ಕವಿ ಹೋಲ್ಡರ್ಲಿನ್ ಓದಿದ್ದೂ ಅಲ್ಲಿ. ಹೆಸ್ಸೆ 1891ರಲ್ಲಿ ಅಲ್ಲಿಗೆ ಸೇರಿದ. ಮರುವರ್ಷ ಮಾರ್ಚ್ ತಿಂಗಳ ಚಳಿಯಲ್ಲಿ ಓಡಿಹೋದ, ಮಾರನೇ ದಿನ ಸಿಕ್ಕಿಬಿದ್ದ. ಸ್ವಲ್ಪ ದಿನಕ್ಕೆ ಶಾಲೆಯೇ ಮುಗಿಯಿತು.

ಕಾದಂಬರಿಯ ಒಳ್ಳೆಯ ಭಾಗ ಅಲ್ಲಿನ ದಿನಚರಿ. ಹಾಸ್ಟೆಲ್ ಕೋಣೆಗಳಿಗೆ ಹೆಲಾಸ್, ಅಥೆನ್ಸ್, ಸ್ಪಾರ್ಟಾ ಅಂತ ಹೆಸರು. ಹನ್ಸ್ ಇರುವುದು ಹೆಲಾಸ್‌ನಲ್ಲಿ. ಅಲ್ಲಿ ಒಬ್ಬ ಜಿಪುಣ ಇದ್ದಾನೆ, ಬೇರೆಯವರ ದೀಪದ ಬೆಳಕಲ್ಲಿ ಓದುವವನು. ಪುಕ್ಕಟೆ ಸಿಗುತ್ತದೆ ಅನ್ನುವ ಕಾರಣಕ್ಕೆ ಪಿಟೀಲು ಕಲಿಯಲು ಹೊರಟು ಎಲ್ಲರ ಕಿವಿ ಹಾಳು ಮಾಡುತ್ತಾನೆ. ಹೈಲ್ನರ್ ಅನ್ನುವ ಕವಿ ಇದ್ದಾನೆ, ಪಾಠಕ್ಕೂ ಅವನಿಗೂ ಆಗಿಬರುವುದಿಲ್ಲ. ಹಿಂಡಿಂಗರ್ ಅನ್ನುವ ಸಾಧು ಹುಡುಗನೊಬ್ಬ ಇದ್ದಾನೆ. ದರ್ಜಿಯ ಮಗ. ಅವನ ಹೆಸರನ್ನು ಮೊಟಕು ಮಾಡಿ ಎಲ್ಲರೂ ‘ಹಿಂದು’ ಅಂತ ಕರೆಯುತ್ತಾರೆ. ಹಾಸ್ಟೆಲ್‌ನಲ್ಲಿದ್ದವರು ಇವರನ್ನೆಲ್ಲ ನೋಡಿಯೇ ಇರುತ್ತಾರೆ, ಹೆಸರು ಬೇರೆ ಅಷ್ಟೆ.

ಜನವರಿಯಲ್ಲಿ ಆ ‘ಹಿಂದು’ ಹೆಪ್ಪುಗಟ್ಟಿದ ಕೊಳದ ಮಂಜುಗಡ್ಡೆ ಒಡೆದು ಮುಳುಗಿ ಸಾಯುತ್ತಾನೆ. ಅವನು ಕಾಣುತ್ತಿಲ್ಲ ಅನ್ನುವುದು ಗೊತ್ತಾಗಲು ಹೊತ್ತು ಹಿಡಿಯುತ್ತದೆ. ಅಷ್ಟು ಸಣ್ಣ ಶಾಲೆ, ಗಂಟೆ ಗಂಟೆಗೂ ಹಾಜರಿ, ಆದರೂ. ಸತ್ತ ಮೇಲೆ ಮಾತ್ರ ಮೇಷ್ಟ್ರುಗಳು ಅವನನ್ನು ಒಬ್ಬ ಮಗುವಿನ ಹಾಗೆ ನೋಡುತ್ತಾರೆ. ಅವನ ಅಪ್ಪ ಬರುವ ಪುಟಗಳಲ್ಲಿ ಹೆಸ್ಸೆ ಯಾರನ್ನೂ ಬೈಯುವುದಿಲ್ಲ. ಬಡ ದರ್ಜಿಯನ್ನು ಚಳಿಯಲ್ಲಿ ನಿಲ್ಲಿಸಿ ಸುಮ್ಮನಾಗುತ್ತಾನೆ. ಇಡೀ ಪುಸ್ತಕದಲ್ಲಿ ನನಗೆ ಹೆಚ್ಚು ಇಷ್ಟವಾದ ಭಾಗ ಇದು.

ಹೈಲ್ನರ್ ಓಡಿಹೋಗುತ್ತಾನೆ, ಶಾಲೆ ಅವನನ್ನು ಹೊರಹಾಕುತ್ತದೆ. ಹನ್ಸ್ ಓಡಿಹೋಗುವುದಿಲ್ಲ, ಕುಸಿಯುತ್ತಾನೆ. ಸೋತರೆ ಚಕ್ರದ ಅಡಿಗೆ ಬೀಳುತ್ತೀಯ ಎಂದು ಶಾಲೆಯ ಮುಖ್ಯಸ್ಥರು ಪ್ರೀತಿಯಿಂದಲೇ ಎಚ್ಚರಿಸಿರುತ್ತಾರೆ. ಕಾದಂಬರಿಯ ಹೆಸರು ಅಲ್ಲಿಂದ ಬಂದದ್ದು. ಆಮೇಲೆ ‘ರಜೆ’ಯ ಮೇಲೆ ಮನೆಗೆ ಕಳಿಸುತ್ತಾರೆ. ಅವನು ವಾಪಸ್ ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಊರಿನಲ್ಲಿ ಸ್ವಲ್ಪ ದಿನ ಅಲೆದಾಡಿದ ಮೇಲೆ ಅಪ್ಪ ಅವನನ್ನು ಮೆಕ್ಯಾನಿಕ್ ಕೆಲಸಕ್ಕೆ ಹಾಕುತ್ತಾನೆ. ನೀಲಿ ಬಟ್ಟೆ ಹಾಕಿಕೊಂಡು ಬೀದಿಯಲ್ಲಿ ನಡೆಯುವಾಗ, ಹಿಂದೊಮ್ಮೆ ಅವನಿಗಿಂತ ಕಡಿಮೆ ಮಾರ್ಕು ತೆಗೆದವರು ಅವನ ದೊಡ್ಡ ಪರೀಕ್ಷೆಯ ಹೆಸರೆತ್ತಿ ಗೇಲಿ ಮಾಡುತ್ತಾರೆ. ಒಂದು ಭಾನುವಾರ ಜೊತೆಗಾರರ ಜೊತೆ ಕುಡಿಯಲು ಹೋದವನು ನದಿಯಲ್ಲಿ ಹೆಣವಾಗಿ ಸಿಗುತ್ತಾನೆ. ಬಿದ್ದನೋ ಹಾರಿದನೋ ಅಂತ ಹೆಸ್ಸೆ ಹೇಳುವುದಿಲ್ಲ.

ಈ ಕಾದಂಬರಿಯನ್ನು ಸಾಮಾನ್ಯವಾಗಿ ಶಿಕ್ಷಣ ವ್ಯವಸ್ಥೆಯ ಟೀಕೆ ಅಂತ ಓದುತ್ತಾರೆ. ಹೌದು, ಅದು ಅದೇ. ಆದರೆ ಟೀಕೆಯಾಗಿ ಅದಕ್ಕೊಂದು ಕೊರತೆ ಇದೆ. ದೊಡ್ಡವರೆಲ್ಲ ಒಂದೇ ಅಚ್ಚಿನವರು. ಹೆಡ್‌ಮಾಸ್ಟರ್, ಪಾದ್ರಿ, ಅಪ್ಪ, ಯಾರಿಗೂ ಒಂದು ಗಳಿಗೆಯ ಅನುಮಾನ ಕೂಡ ಬರುವುದಿಲ್ಲ. ನಿಜವಾದ ಮೇಷ್ಟ್ರುಗಳು ಹಾಗಿರುವುದಿಲ್ಲ. ಅವರಿಗೂ ರಾತ್ರಿ ನಿದ್ದೆ ಬರುವುದಿಲ್ಲ. ಬೇರೆ ಥರ ಯೋಚಿಸುವವನು ಚಪ್ಪಲಿ ಹೊಲಿಯುವ ಫ್ಲೈಗ್ ಒಬ್ಬನೇ. ಅವನೂ ದೈವಭಕ್ತ, ಆದರೆ ಕೈಕೆಲಸದವನು. ಕೊನೆಯಲ್ಲಿ ಸ್ಮಶಾನದಿಂದ ಹೋಗುತ್ತಿರುವ ದೊಡ್ಡ ಮನುಷ್ಯರ ಕಡೆ ಕೈ ತೋರಿಸಿ, ಈ ಸಾವಿನಲ್ಲಿ ಅವರ ಪಾಲೂ ಇದೆ ಅನ್ನುವವನು ಅವನೇ.

ಕೊಡಗಿನಲ್ಲಿ ಕೂತು ಓದುವವನಿಗೆ ಈ ಫ್ಲೈಗ್ ಮುಖ್ಯ. ಯಾಕೆಂದರೆ ಅವನಂಥ ಸಮಗಾರರು, ನೇಕಾರರು, ರೈತರು ಕೊಟ್ಟ ಚಿಲ್ಲರೆ ಕಾಸಿನಿಂದಲೇ ಬಾಸೆಲ್ ಮಿಷನ್ ನಡೆದದ್ದು. 1815ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಹುಟ್ಟಿದ ಅದಕ್ಕೆ ಹಣವೂ ಹುಡುಗರೂ ಹೆಚ್ಚಾಗಿ ಬಂದದ್ದು ಲುಥರನ್ನರ ವುರ್ಟೆಂಬರ್ಗ್‌ನಿಂದ. ಬಾಸೆಲ್ ಪೂರ್ತಿ ಲುಥರನ್ ಅಲ್ಲ, ಎರಡು ಪ್ರೊಟೆಸ್ಟಂಟ್ ಪಂಥಗಳು ಕೂಡಿದ ಜಾಗ. ಆದರೆ ಅಲ್ಲಿಂದ ನಮ್ಮ ಕರಾವಳಿಗೆ ಬಂದವರು ಹನ್ಸ್‌ನ ನಾಡಿನವರೇ. ಹರ್ಮನ್ ಮೋಗ್ಲಿಂಗ್ ಮತ್ತು ಮಲಯಾಳಂ ನಿಘಂಟು ಮಾಡಿದ ಹರ್ಮನ್ ಗುಂಡರ್ಟ್ ಇಬ್ಬರೂ ಟ್ಯೂಬಿಂಗನ್‌ನಲ್ಲಿ ದೇವಶಾಸ್ತ್ರ ಓದಿದ ಗೆಳೆಯರು. ಗುಂಡರ್ಟ್ ಅದಕ್ಕೂ ಮೊದಲು ಇದೇ ಮೌಲ್‌ಬ್ರಾನ್‌ನಲ್ಲಿ ಓದಿದವನು. ಅವನ ಮಗಳು ಮರಿ ಹುಟ್ಟಿದ್ದು ತಲಶ್ಶೇರಿಯಲ್ಲಿ, 1842ರಲ್ಲಿ. ಆ ಮರಿಯ ಮಗನೇ ಹೆಸ್ಸೆ. ಹೆಸ್ಸೆಯ ಅಪ್ಪನೂ ಬಾಸೆಲ್ ಮಿಷನ್ನಿನ ಕೆಲಸಕ್ಕೆ ನಮ್ಮ ಕರಾವಳಿಗೆ ಬಂದು ಹೋದವನು.

ಶಾಲೆಯಿಂದ ಓಡಿಹೋದ ಮೊಮ್ಮಗ ಹೆದರುತ್ತಾ ತಾತನ ಮುಂದೆ ನಿಂತಾಗ, ತಾತ ಬೈಯಲಿಲ್ಲವಂತೆ. ಪ್ರತಿಭಾವಂತರ ಸಣ್ಣದೊಂದು ಪ್ರವಾಸ ಮಾಡಿ ಬಂದೆಯಂತಲ್ಲ ಅಂತ ತಮಾಷೆಯಾಗಿ ಕೇಳಿದನಂತೆ. ಹೆಸ್ಸೆ ಮುದುಕನಾದ ಮೇಲೂ ಇದನ್ನು ನೆನೆಸಿಕೊಂಡಿದ್ದಾನೆ. ಕಾದಂಬರಿಯಲ್ಲಿ ಮಾತ್ರ ಹನ್ಸ್‌ಗೆ ಅಂಥ ತಾತ ಇಲ್ಲ. ಯಾಕೆ ಕೊಡಲಿಲ್ಲವೋ ಅಂತ ಯೋಚಿಸುತ್ತಿರುತ್ತೇನೆ. ಕೊಟ್ಟಿದ್ದರೆ ಹುಡುಗ ಬದುಕುತ್ತಿದ್ದನೇನೋ, ಕಾದಂಬರಿ ಬೇರೆಯಾಗುತ್ತಿತ್ತು.

ಈಗ ಮಂಗಳೂರಿಗೆ ಬರೋಣ. ಮೋಗ್ಲಿಂಗ್ ಅಂದರೆ ನಮಗೆ 1843ರ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ. ಆದರೆ ಅವನು ಮೊದಲಿಗೆ ಮೇಷ್ಟ್ರು. ಹುಡುಗರನ್ನು ಜೊತೆಯಲ್ಲೇ ಇಟ್ಟುಕೊಂಡು ಕಲಿಸಿದವನು. 1844ರ ಜನವರಿಯಲ್ಲಿ ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಅನ್ನುವ ಸಾರಸ್ವತ ಹುಡುಗ ದೀಕ್ಷಾಸ್ನಾನ ಪಡೆದ. ಊರಿನಲ್ಲಿ ದೊಡ್ಡ ಗಲಾಟೆಯಾಯಿತು. ಅಂಥ ಹುಡುಗ ಸಂಜೆ ಎಲ್ಲಿಗೆ ಹೋಗಬೇಕು? ಮನೆ ಇಲ್ಲ, ಜಾತಿ ಇಲ್ಲ, ಜಾತಿಯ ಜೊತೆ ಬರುವ ಕಸುಬೂ ಇಲ್ಲ. ಶಾಲೆಯೇ ಮನೆಯಾಗಬೇಕು. ಇವತ್ತು ಕಾಲೇಜುಗಳ ಬ್ರೋಷರ್‌ಗಳಲ್ಲಿ ‘ನಾವು ಒಂದು ಕುಟುಂಬ’ ಅಂತ ಇರುತ್ತದಲ್ಲ, ಆ ಮಾತು ಅಲ್ಲಿ ಅಲಂಕಾರ ಆಗಿರಲಿಲ್ಲ, ಅನಿವಾರ್ಯ ಆಗಿತ್ತು. ಕೌಂಡಿನ್ಯ ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ ವಾಪಸ್ ಬಂದು, ಮಂಗಳೂರಿನ ಸೆಮಿನರಿಯಲ್ಲೇ ಮೇಷ್ಟ್ರಾದ. ಬಲ್ಮಠದಲ್ಲಿ ಇವತ್ತು ಇರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಆ ಸೆಮಿನರಿಯ ಮುಂದುವರಿಕೆ.

ಎಲ್ಲರೂ ಕೌಂಡಿನ್ಯರಾಗಲು ಆಗುವುದಿಲ್ಲ. ಗ್ರೀಕ್, ಹೀಬ್ರೂ ಎಲ್ಲರ ತಲೆಗೆ ಹತ್ತುವುದಿಲ್ಲ. ಮಿಷನ್ನಿಗೆ ಬಂದ ಉಳಿದವರೆಲ್ಲ ಏನು ಮಾಡಬೇಕು ಅನ್ನುವ ಪ್ರಶ್ನೆಗೆ ಬಂದ ಉತ್ತರಗಳು ನಮಗೆಲ್ಲ ಗೊತ್ತು, ಆದರೆ ಅವನ್ನು ನಾವು ಬೇರೆ ಬೇರೆಯಾಗಿ ನೋಡುತ್ತೇವೆ. 1841ರ ಮುದ್ರಣಾಲಯ. ನೇಯ್ಗೆಯ ಕಾರ್ಖಾನೆ. 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ. ನಮ್ಮ ಹಳೆಯ ಮನೆಗಳ ಮಾಡಿನಲ್ಲಿ ಇವತ್ತಿಗೂ ಆ ಹೆಂಚು ಸಿಗುತ್ತದೆ. ಅದನ್ನು ವ್ಯಾಪಾರದ ಚರಿತ್ರೆ ಅಂತ ಓದುತ್ತೇವೆ. ನನಗೆ ಅದು ವಿದ್ಯಾರ್ಥಿ ಜೀವನದ ಚರಿತ್ರೆಯ ಭಾಗ ಕೂಡ. ಹನ್ಸ್‌ನ ಊರಿನಲ್ಲಿ ಶಾಲೆಯಿಂದ ವರ್ಕ್‌ಶಾಪಿಗೆ ಬರುವುದು ಬೀಳುವುದು. ಮಂಗಳೂರಿನಲ್ಲಿ ವರ್ಕ್‌ಶಾಪು ಶಾಲೆಯ ಪಕ್ಕದಲ್ಲೇ, ಅದೇ ಆಡಳಿತದ ಕೆಳಗೆ ಇತ್ತು. ಪುಸ್ತಕ ಬಿಟ್ಟವನು ಅಚ್ಚಿನ ಮೊಳೆ ಜೋಡಿಸಬಹುದಿತ್ತು, ಮಗ್ಗದ ಮುಂದೆ ಕೂರಬಹುದಿತ್ತು.

ಇದನ್ನು ಹೊಗಳಿ ಸುಮ್ಮನಾಗಲು ಆಗುವುದಿಲ್ಲ. ಆ ಕೆಲಸದ ಜೊತೆ ನಂಬಿಕೆಯೂ ಕಟ್ಟಿತ್ತು. ಸಂಬಳ ಕೊಡುವವರು, ಮನೆ ಕೊಡುವವರು, ಭಾನುವಾರ ಪ್ರಸಂಗ ಮಾಡುವವರು ಎಲ್ಲ ಒಂದೇ ಕಡೆಯವರು. ಅಲ್ಲಿಂದ ಮನಸ್ಸು ಬದಲಾದವನು ಮೂರನ್ನೂ ಒಟ್ಟಿಗೆ ಕಳೆದುಕೊಳ್ಳಬೇಕಿತ್ತು. ಬೀಳುವವನನ್ನು ಹಿಡಿಯುವ ಕೈ ಇತ್ತು, ಆದರೆ ಅದು ಹಿಡಿದುಕೊಂಡೇ ಇರುತ್ತಿತ್ತು.

ಇದೇ ಗುಣ, ಇದೇ ದೋಷ ಕೊಡಗಿಗೂ ಬಂತು. 1853ರಲ್ಲಿ ಮೋಗ್ಲಿಂಗ್ ಮಂಗಳೂರು ಬಿಟ್ಟು ಘಟ್ಟ ಹತ್ತಿದ. ಕಾರಣ ಅಲ್ಮಂಡ ಸೋಮಯ್ಯ ಅನ್ನುವ ಒಬ್ಬ ಕೊಡವ. ಮಂಗಳೂರಿಗೆ ಹೋಗಿ ಕ್ರೈಸ್ತನಾಗಿ, ಸ್ಟೆಫನಸ್ ಅಂತ ಹೆಸರಿಟ್ಟುಕೊಂಡು ಊರಿಗೆ ವಾಪಸ್ ಹೊರಟಿದ್ದ. ಮನೆಯವರು ಸೇರಿಸಿಕೊಳ್ಳುವುದಿಲ್ಲ ಅಂತ ಗೊತ್ತಿತ್ತು. ಅವನ ಬೆನ್ನಿಗೆ ಮೋಗ್ಲಿಂಗ್ ಬಂದ. ಎರಡು ವರ್ಷಕ್ಕೆ ‘ಕೂರ್ಗ್ ಮೆಮೊಯರ್ಸ್’ ಬರೆದ. ಕೊಡಗಿನ ಚರಿತ್ರೆ ಬರೆಯುವವರು ಇವತ್ತಿಗೂ ಆ ಪುಸ್ತಕ ತೆಗೆಯುತ್ತಾರೆ. ಅದರ ಹಿಂದೆ ಮನೆಗೆ ವಾಪಸ್ ಹೊರಟ ಒಬ್ಬ ಮನುಷ್ಯನ ಕಷ್ಟ ಇದೆ ಅನ್ನುವುದನ್ನು ನೆನೆಸುವವರು ಕಡಿಮೆ. ಆಮೇಲೆ ಆನಂದಪುರ. ಕೊಡಗಿನ ಗದ್ದೆಗಳಲ್ಲಿ ತಲೆಮಾರುಗಳಿಂದ ಜೀತಕ್ಕಿದ್ದ ದಲಿತ ಕುಟುಂಬಗಳಿಗೆ ಉಳಲು ನೆಲ, ಇರಲು ಜಾಗ, ಜೊತೆಗೆ ಚರ್ಚು. ಯಜಮಾನರ ಮಕ್ಕಳ ಓದಿಗೆ ಮಡಿಕೇರಿಯಲ್ಲಿ ಸರ್ಕಾರಿ ಶಾಲೆ ಬೆಳೆಯಿತು. ಅದನ್ನು ಬಹುಕಾಲ ನಡೆಸಿದ ಜಾರ್ಜ್ ರಿಕ್ಟರ್ ಕೂಡ ಬಾಸೆಲ್ ಮಿಷನ್ನಿನ ಪಾದ್ರಿಯೇ. 1870ರಲ್ಲಿ ‘ಮ್ಯಾನ್ಯುಯಲ್ ಆಫ್ ಕೂರ್ಗ್’ ಬರೆದವನು. ನಮ್ಮ ಜನ ರಿಕ್ಟರನ ಥರದ ಶಾಲೆಯನ್ನು ಕೈಚಾಚಿ ತೆಗೆದುಕೊಂಡರು. ಪರೀಕ್ಷೆ, ನೌಕರಿ, ಸೈನ್ಯ. ಆನಂದಪುರದ ಹಿಂದಿದ್ದ ಯೋಚನೆಯನ್ನು, ಅಂದರೆ ಕಲಿಯುವ ಜಾಗದಲ್ಲೇ ದುಡಿಯುವ ಜಾಗವೂ ಇರಬೇಕು ಅನ್ನುವುದನ್ನು, ಯಾರೋ ಬೇರೆಯವರದ್ದು ಅಂತ ಬಿಟ್ಟರು. ಮತದ ಜೊತೆ ಬಂದದ್ದಕ್ಕೆ ಬಿಟ್ಟರು ಅನ್ನಬಹುದು. ಜಾತಿಯ ಕಾರಣಕ್ಕೂ ಬಿಟ್ಟಿರಬಹುದು.

ಅದಕ್ಕೇ ಹೆಸ್ಸೆಯ ಜೊತೆ ನನ್ನ ದೊಡ್ಡ ಜಗಳ ಕೊನೆಯ ಅಧ್ಯಾಯದ್ದು. ವರ್ಕ್‌ಶಾಪಿನ ಮೊದಲ ದಿನ ಹನ್ಸ್ ಒಂದು ಹಲ್ಲುಚಕ್ರಕ್ಕೆ ಅರ ಹಾಕುತ್ತಾ ಕೂರುತ್ತಾನೆ. ಕೈ ಬೊಬ್ಬೆ ಬರುತ್ತದೆ. ಆದರೆ ಕೆಲಸದ ಲಯ ಅವನ ಮೈಗೆ ಹಿಡಿಯುತ್ತದೆ. ತಾನೂ ಇದರಲ್ಲಿ ಒಬ್ಬ ಅನ್ನುವ ಖುಷಿ ಒಂದು ಗಳಿಗೆ ಬರುತ್ತದೆ. ಇಡೀ ಕಾದಂಬರಿಯಲ್ಲಿ ಚಕ್ರ ಅವನ ಮೇಲೆ ಹರಿಯದೆ ಕೈಯಲ್ಲಿ ಇರುವುದು ಅಲ್ಲಿ ಮಾತ್ರ. ಇಷ್ಟು ಚೆನ್ನಾಗಿ ಬರೆದು, ಎರಡೇ ದಿನಕ್ಕೆ ಹುಡುಗನನ್ನು ನದಿಗೆ ಹಾಕಿಬಿಡುತ್ತಾನೆ ಹೆಸ್ಸೆ. ಸ್ವಂತ ಬದುಕಿನಲ್ಲಿ ಅವನು ಮಾಡಿದ್ದು ಹಾಗಲ್ಲ. ಶಾಲೆ ಬಿಟ್ಟ ಮೇಲೆ ತುಂಬ ನರಳಿದ, ಸಾಯಲೂ ಹೊರಟಿದ್ದ. ಆಮೇಲೆ ಕಾಲ್ವ್‌ನಲ್ಲಿ ಗೋಪುರದ ಗಡಿಯಾರ ಮಾಡುವ ವರ್ಕ್‌ಶಾಪಿನಲ್ಲಿ ವರ್ಷಕ್ಕೂ ಮೇಲೆ ಕೆಲಸ ಮಾಡಿದ. 1895ರಿಂದ ಟ್ಯೂಬಿಂಗನ್‌ನ ಪುಸ್ತಕದಂಗಡಿಯಲ್ಲಿ ಕೆಲಸ ಕಲಿತ. ವಿದ್ಯಾರ್ಥಿಯಾಗಿ ಹೋಗಬೇಕಿದ್ದ ಊರಿಗೆ ಪುಸ್ತಕ ಕಟ್ಟಿಕೊಡುವವನಾಗಿ ಹೋದ. ಅಲ್ಲಿಂದಲೇ ಬರೆಯಲು ಶುರು ಮಾಡಿದ. ಅವನನ್ನು ಉಳಿಸಿದ್ದು ಆ ಎರಡು ಕೆಲಸ. ಕಾದಂಬರಿ ಅದನ್ನು ಹೇಳುವುದಿಲ್ಲ. ಶಾಲೆಯ ಮೇಲಿನ ಸಿಟ್ಟಿನಲ್ಲಿ, ಶಾಲೆ ಬಿಟ್ಟವನಿಗೆ ಸಾವು ಬಿಟ್ಟರೆ ಬೇರೇನೂ ಇಲ್ಲ ಅನ್ನುವ ಹೆಡ್‌ಮಾಸ್ಟರರ ಮಾತನ್ನೇ ಅದು ಒಪ್ಪಿಕೊಂಡ ಹಾಗಾಗಿದೆ.

ನಮ್ಮ ಮದುವೆ ಮನೆಗಳೂ ಒಪ್ಪಿಕೊಂಡಿರುವುದು ಅದನ್ನೇ. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಮಕ್ಕಳನ್ನು ಸಂಪಾಜೆ ಇಳಿಸಿ ಘಟ್ಟದ ಕೆಳಗಿನ ಹಾಸ್ಟೆಲ್‌ಗಳಿಗೆ ಬಿಟ್ಟು ಬರುತ್ತೇವೆ. ಬೆಳಗ್ಗೆ ಐದಕ್ಕೆ ಏಳಿಸುವ, ಫೋನು ಕಸಿದುಕೊಳ್ಳುವ ಜಾಗಗಳು. ಅಲ್ಲಿಂದ ನಡುವೆ ವಾಪಸ್ ಬಂದ ಹುಡುಗನನ್ನು ಮನೆಯವರೇ ನೆಂಟರ ಕಣ್ಣಿಗೆ ಬೀಳದ ಹಾಗೆ ಇಡುತ್ತಾರೆ. ಇನ್ನೊಂದು ಕಡೆ ನಮ್ಮ ಯರವ, ಜೇನುಕುರುಬ ಮಕ್ಕಳು. ಆಶ್ರಮ ಶಾಲೆಯಿಂದ ರಾತ್ರೋರಾತ್ರಿ ಹಾಡಿಗೆ ನಡೆದುಬರುವ ಮಕ್ಕಳ ವಿಷಯ ಇಲ್ಲಿನ ಯಾವ ಮೇಷ್ಟ್ರನ್ನು ಕೇಳಿದರೂ ಹೇಳುತ್ತಾರೆ. ‘ಇವರಿಗೆ ಓದು ಹತ್ತೋದಿಲ್ಲ’ ಅಂತ ಬೇರೆ ಸೇರಿಸುತ್ತಾರೆ. ಹೈಲ್ನರ್ ಓಡಿದರೆ ಕವಿ, ಹಾಡಿಯ ಹುಡುಗ ಓಡಿದರೆ ಡ್ರಾಪ್‌ಔಟ್. ಅವನು ಯಾಕೆ ಬಂದ, ದಾರಿಯಲ್ಲಿ ಆನೆ ಇರಲಿಲ್ವಾ ಅಂತ ಕೇಳುವ ತಾತ ಹಾಡಿಯಲ್ಲಿ ಇರುತ್ತಾನೆ. ಶಾಲೆಯಲ್ಲಿ ಇರುವುದಿಲ್ಲ.

ನಮಗೆ ನಮ್ಮದೇ ಸಣ್ಣ ವಿಶ್ವವಿದ್ಯಾಲಯವೂ ಒಂದಿದೆ. ಕುಶಾಲನಗರದ ಹತ್ತಿರ ಚಿಕ್ಕ ಅಳುವಾರದಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದದ್ದು 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಆಯಿತು. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ, ಹೊಸದಾಗಿ ಆದ ಹತ್ತು ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಬಹುದು ಅಂತ ಹೇಳಿತು. ಆ ಒಂಬತ್ತರಲ್ಲಿ ನಮ್ಮದೂ ಇತ್ತು. ದುಡ್ಡಿಲ್ಲ, ಇಷ್ಟು ಸಣ್ಣದನ್ನು ನಡೆಸಲಾಗುವುದಿಲ್ಲ ಅನ್ನುವುದು ವಾದ. ದುಡ್ಡಿನ ಲೆಕ್ಕ ಸುಳ್ಳಲ್ಲ. ನಾವು ಉತ್ತರವಾಗಿ ‘ನಮ್ಮ ಜಿಲ್ಲೆಗೂ ಒಂದು ಬೇಕು’ ಅಂತ ಹಟ ಮಾಡಿದೆವು. ಎರಡೂ ಕಡೆಯವರು ಕೇಳದೇ ಬಿಟ್ಟ ಪ್ರಶ್ನೆ ಒಂದಿದೆ. ಘಟ್ಟದ ಕೆಳಗಿಂದ ವಾಪಸ್ ಬಂದ ಹುಡುಗ, ಬೆಳಗ್ಗೆ ತೋಟದಲ್ಲಿ ಕೆಲಸ ಮಾಡಿ, ಮಧ್ಯಾಹ್ನ ಬಸ್ ಹತ್ತಿ ಬಂದು ಓದಬಹುದಾದ ಜಾಗ ಅದಾಗುತ್ತದೆಯೇ? ಕಾಫಿ, ಕರಿಮೆಣಸು, ಜೇನು, ಕಾಡು ಇವುಗಳ ಬಗ್ಗೆ ಕೈಯಿಂದ ಗೊತ್ತಿರುವವನಿಗೆ ಅಲ್ಲಿ ಒಂದು ಬೆಂಚು ಇದೆಯೇ? ಇದ್ದರೆ ಅದು ಸಣ್ಣದಾಗಿರುವುದೇ ಒಳ್ಳೆಯದು, ಒಬ್ಬ ಬರದಿದ್ದರೆ ಗೊತ್ತಾಗುತ್ತದೆ. ಇಲ್ಲದಿದ್ದರೆ ಸಣ್ಣದಾದರೂ ಒಂದೇ, ದೊಡ್ಡದಾದರೂ ಒಂದೇ. ಮೌಲ್‌ಬ್ರಾನ್ ಕೂಡ ಸಣ್ಣದೇ ಆಗಿತ್ತು. ‘ಹಿಂದು’ ಕಾಣೆಯಾದದ್ದು ಗೊತ್ತಾಗಲಿಲ್ಲ.

‘ಬಿನೀತ್ ದ ವೀಲ್’ ಓದಿ. ದೊಡ್ಡ ಕಾದಂಬರಿ ಅಲ್ಲ, ನೂರೈವತ್ತು ಚಿಲ್ಲರೆ ಪುಟ. ಮಕ್ಕಳನ್ನು ಹಾಸ್ಟೆಲ್‌ಗೆ ಬಿಟ್ಟವರು ಮೊದಲ ಅರ್ಧವನ್ನು ಎರಡು ಸಲ ಓದಿ. ಕೊನೆಯ ಅಧ್ಯಾಯಕ್ಕೆ ಬಂದಾಗ ಹೆಸ್ಸೆಯ ಮಾತು ನಂಬಬೇಡಿ, ಅವನ ಬದುಕು ನೋಡಿ.

ಮೊನ್ನೆ ಒಂದು ಮದುವೆಯಲ್ಲಿ ನನ್ನ ಪಕ್ಕ ನಿಂತಿದ್ದವರನ್ನು ಯಾರೋ ಕೇಳಿದರು, ‘ಮಗ ಎಂತ ಮಾಡ್ತಾನೆ?’ ಅವರು ‘ಮನೇಲಿದ್ದಾನೆ’ ಅಂದರು. ಎಂದಿನ ಹಾಗೆ ಮಾತು ನಿಂತಿತು. ನಾನು ಕೇಳಿದೆ, ‘ಹೌದಾ, ಈ ಸಲ ಮೆಣಸಿನ ಬಳ್ಳಿಗೆ ರೋಗ ಬಂತಲ್ಲ, ಅವ ಎಂತ ಮಾಡಿದ?’

ಅವರು ಹತ್ತು ನಿಮಿಷ ಹೇಳಿದರು. ಊಟಕ್ಕೆ ಕರೆದರೂ ನಿಲ್ಲಿಸಲಿಲ್ಲ.